ಪುಂಡಿಪಲ್ಯಕ್ಕೆ ಕೊಸರು

ಹೊಸಪೇಟೆಯ ಕಾಯಿಪಲ್ಯ ಮಾರ್ಕೆಟ್ಟಿನಲ್ಲಿ ಪಲ್ಯದ ಮೇಲೆ ಕೂರುವುದು ಧೂಳಲ್ಲ, ಸರ್ಕಾರದ ಆಸ್ತಿ. ಇದನ್ನು ಯಾರೂ ತಮಾಷೆಗೆ ಹೇಳಿದ್ದಲ್ಲ. ಖನಿಜ ಕಾವಲು ವಿಶೇಷ ದಳದ ಇನ್‌ಸ್ಪೆಕ್ಟರ್ ಮರುಳಸಿದ್ದಪ್ಪನವರು ಹಾಡಹಗಲೇ, ಇಸ್ತ್ರಿ ಹಾಕಿದ ಅಂಗಿಯಲ್ಲಿ ನಿಂತು ಹೇಳಿದ್ದು.

ಮಳೆ ಬಿಸಿಲು ಬಾರದಿರಲೆಂದು ಆ ಮಾರ್ಕೆಟ್ಟಿಗೆ ತಗಡು ಹೊದಿಸಿದ್ದರು. ಮಳೆ ಬಿಸಿಲು ಬರಲಿಲ್ಲ, ಸಂಡೂರಿನ ಗುಡ್ಡ ಬಂತು. ಕೆಂಪು ಮಣ್ಣಿಗೆ ಚೀನಾದಲ್ಲಿ ಬಂಗಾರದ ಬೆಲೆ ಬಂದ ವರ್ಷ ಅದು. ಅದಿರು ಲಾರಿಗಳು ಬಾಗಿಲ ಮುಂದೆಯೇ ಓಡುತ್ತಿದ್ದವು, ಗುಡ್ಡ ಚೂರುಚೂರಾಗಿ ಒಳಗೆ ಬಂದು ಕೊತ್ತಂಬರಿ ಮೇಲೆ ಕೂರುತ್ತಿತ್ತು. ಹೂಕೋಸು, ಮೂಲಂಗಿ, ಬೆಳ್ಳುಳ್ಳಿ ಎಲ್ಲ ಕೆಂಪಾದವು. ದೂರು ಹೇಳದಿದ್ದದ್ದು ಟೊಮೆಟೊ ಒಂದೇ.

ಬಾಗಿಲ ಪಕ್ಕದ ಮೊದಲ ಕಟ್ಟೆ ಮೆಟ್ರಿ ಊರಿನ ಜಂಬವ್ವನದು. ಮುಂಜಾನೆಯ ಬಸ್ಸಿಗೆ ಪುಂಡಿಪಲ್ಯವೆಂಬ ಹುಳಿಸೊಪ್ಪಿನ ಗಂಟು ಹೊತ್ತು ಬಂದು, ಅತ್ತೆ ಕೂತ ಜಾಗದಲ್ಲೇ ಕೂರುತ್ತಿದ್ದಳು. ಆ ಕಟ್ಟೆ ಕೈಬಿಟ್ಟರೆ ಒಣಮೀನಿನ ಹಿಂದಿನ ಮೂಲೆಗೆ ಹೋಗಬೇಕು. ಅಲ್ಲಿ ಪಲ್ಯ ಕೇಳಿಕೊಂಡು ಬರುವುದು ಆಡು ಮಾತ್ರ.

ಅದೇ ಕಟ್ಟೆಯ ಮೇಲೆ ಹಾಲೇಶನ ಕಣ್ಣಿತ್ತು. ಮೊನ್ನೆಮೊನ್ನೆಯವರೆಗೆ ಕಂಡವರ ಲಾರಿ ಒರೆಸುತ್ತಿದ್ದವನು ಈಗ ಹನ್ನೆರಡು ಲಾರಿಗಳ ಸಾಹುಕಾರ. ಬೆರಳಿಗೊಂದು ಉಂಗುರ, ಹೆಬ್ಬೆರಳೊಂದನ್ನು ಫೋನು ಒತ್ತುವುದಕ್ಕೆ ಬಿಟ್ಟಿದ್ದ. ಅವನಿಗೆ ಅಲ್ಲೊಂದು ಮೊಬೈಲ್ ಅಂಗಡಿ ಆಗಬೇಕಿತ್ತು. ಹೆಂಡತಿಗೆಂದು ಹೇಳುತ್ತಿದ್ದ, ಯಾವ ಹೆಂಡತಿಗೆ ಎಂದು ಊರು ಕೇಳಲಿಲ್ಲ, ಊರಿಗೆ ಗೊತ್ತಿತ್ತು.

ಮರುಳಸಿದ್ದಪ್ಪನವರು ಪ್ರಾಮಾಣಿಕ ಅಧಿಕಾರಿ. ಅವರ ಮನೆಗೆ ಆ ವರ್ಷ ಮೂರು ಫ್ರಿಜ್ಜು ಬಂದದ್ದು ತಣ್ಣೀರಿನ ಮೇಲಿನ ಪ್ರೀತಿಯಿಂದ. ಅವರ ದಳ ಒಂದು ಲಾರಿಯನ್ನೂ ಹಿಡಿದಿರಲಿಲ್ಲ, ಅದಕ್ಕೆ ಕಾರಣವೂ ಇತ್ತು: ಲಾರಿಗಳು ಓಡುತ್ತಿದ್ದವು. ದಳಕ್ಕೆ ಕೂತಿರುವಂಥದ್ದು ಬೇಕಿತ್ತು. ಜಂಬವ್ವ ಕೂತಿದ್ದಳು.

"ಇದೇನವ್ವಾ?" ಎಂದರು ಅವರು.

"ಪುಂಡಿಪಲ್ಯ, ಸಾಹೇಬ್ರ."

"ಅದರ ಮ್ಯಾಲಿಂದು?"

"ಲಾರಿ ಉಗುಳಿದ್ದು."

"ಲಾರಿ ಯಾರದರ ಇರಲಿ, ಅದಿರು ಸರ್ಕಾರದ್ದು. ಪರ್ಮಿಟ್ ಇಲ್ಲದ ಮಾರಾಕ ಹತ್ತಿ. ಕಟ್ಟಿ ಖಾಲಿ ಮಾಡು."

ಅವರ ಬೆನ್ನ ಹಿಂದಿನಿಂದ ಹಾಲೇಶ ಟೇಪು ಎಳೆದುಕೊಂಡು ಬಂದ. "ಯಕ್ಕಾ, ಕಾಲು ಒಂದೀಟು ಎತ್ತು. ಅಳತಿ ತೊಗೋಬೇಕು."

"ಲೇ ಹಾಲೇಶಿ, ಇದೇ ಕಟ್ಟಿ ಮ್ಯಾಲ ಉಚ್ಚಿ ಹೊಯ್ದು ಬೆಳೆದೋನು ನೀನು. ಈಗ ಅಳ್ಯಾಕ ಬಂದಿಯೇನಲೇ?" ಎಂದು ಜಂಬವ್ವ ಕಾಲನ್ನು ಇನ್ನಷ್ಟು ಚಾಚಿದಳು. ಆಮೇಲೆ ಇನ್‌ಸ್ಪೆಕ್ಟರರ ಕಡೆ ತಿರುಗಿ, "ಸಾಹೇಬ್ರ, ಮಣ್ಣು ಯಾರು ಕೊಳ್ತಾರ್ರಿ? ನಾ ಮಾರೋದು ಪಲ್ಯ. ಮ್ಯಾಲಿನ ಮಣ್ಣು ಕೊಸರು. ಕೊಸರಿಗೂ ಪರ್ಮಿಟ್ ಐತೇನ್ರಿ?"

ಮರುಳಸಿದ್ದಪ್ಪನವರು ನಿಯಮದ ಪುಸ್ತಕ ತಿರುವಿದರು. ಅಗೆಯುವುದಕ್ಕೆ ನಿಯಮವಿತ್ತು, ಸಾಗಿಸುವುದಕ್ಕೆ, ಮಾರುವುದಕ್ಕೆ ನಿಯಮವಿತ್ತು. ಕೊಂಡವರ ಚೀಲಕ್ಕೆ ಮೇಲೊಂದು ಎಸಳು ಕರಿಬೇವು ಹಾಕುವಂಥ ಕೊಸರಿಗೆ ನಿಯಮವಿರಲಿಲ್ಲ. ಅವರು ಮೇಲಿನವರನ್ನು ಕೇಳಿದರು. ಮೇಲಿನವರು ಅವರಿಗೂ ಮೇಲಿನವರನ್ನು ಕೇಳಿದರು. ಕೊನೆಗೆ ಮಾರ್ಕೆಟ್ಟಿನ ಬಾಗಿಲಿಗೆ ಪ್ರಕಟಣೆ ಅಂಟಿತು:

"ಯಾವುದೇ ಸೊಪ್ಪು, ಕಾಯಿ ಅಥವಾ ಗಡ್ಡೆಯ ಸಂಗಡ ಬಿಟ್ಟಿಯಾಗಿ ಹೋಗುವ ಕೆಂಪು ಪದಾರ್ಥವನ್ನು ಕೊಸರೆಂದು ಭಾವಿಸತಕ್ಕದ್ದು. ಕೊಸರು ಈ ನಾಡಿನ ಪುರಾತನ ಪದ್ಧತಿಯಾದ್ದರಿಂದ ಪರ್ಮಿಟ್ಟಾಗಲಿ ತೆರಿಗೆಯಾಗಲಿ ಇರುವುದಿಲ್ಲ. ಕೊಸರಿನ ಪ್ರಮಾಣವು ಕೊಡುವವರ ದೊಡ್ಡ ಮನಸ್ಸಿಗೆ ಬಿಟ್ಟದ್ದು."

ಜಂಬವ್ವನ ಕಟ್ಟೆ ಉಳಿಯಿತು.

ಮರುದಿನ ಹಾಲೇಶ ಟೇಪಿಲ್ಲದೆ ಬಂದ. ನಿನ್ನೆ ಯಕ್ಕಾ ಎಂದವನು ಇಂದು ಕಾಲುಮುಟ್ಟಿ ನಮಸ್ಕರಿಸಿ, "ಯವ್ವಾ, ಹನ್ನೆರಡು ಸಿವುಡು ಪುಂಡಿಪಲ್ಯ ಕೊಡು" ಎಂದ.

"ಯಾರದರ ಮದುವಿ ಏನಪಾ?"

"ಇಲ್ಲವ್ವಾ. ಬಂದರಕ್ಕ ಒಯ್ತೀನಿ."

ಒಂದೊಂದು ಲಾರಿಯ ತಾಡಪಾಲಿನ ಮೇಲೆ ಒಂದೊಂದು ಸಿವುಡು ಕಟ್ಟಿದರು. ಚೆಕ್‌ಪೋಸ್ಟಿನ ಮೂಕಣ್ಣ ಕೋಲು ಅಡ್ಡ ಹಿಡಿದ.

"ಏನು ಲೋಡು?"

"ಪುಂಡಿಪಲ್ಯ."

"ಕೆಳಗಿಂದು?"

"ಕೊಸರು."

ಮೂಕಣ್ಣ ಲಾರಿಯ ಸುತ್ತ ಒಂದು ಸುತ್ತು ಹಾಕಿದ. "ಭಾಳ ದೊಡ್ಡ ಮನಸ್ಸಿನ ಮಂದಿ ನೀವು" ಎಂದು ಕೋಲು ಎತ್ತಿದ.

ಹದಿನೈದು ದಿನದೊಳಗೆ ಸೀಮೆಯ ಲಾರಿಗಳೆಲ್ಲ ಮಾರ್ಕೆಟ್ಟಿನ ಮುಂದೆ ಪಾಳಿ ಹಚ್ಚಿದವು. ಕಂಪ್ಲಿ ಕಡೆ ಗದ್ದೆಯಲ್ಲಿ ಭತ್ತ ಕಿತ್ತು ಪುಂಡಿ ಬಿತ್ತಿದರು. ಆ ಸಾಲಿನ ಸರ್ಕಾರಿ ಲೆಕ್ಕದಲ್ಲಿ ಅದಿರಿನ ವ್ಯಾಪಾರ ಪೂರಾ ನಿಂತುಹೋಗಿತ್ತು, ಪಲ್ಯದ ವ್ಯಾಪಾರ ಮುಗಿಲು ಮುಟ್ಟಿತ್ತು. ಅಕ್ರಮ ಗಣಿಗಾರಿಕೆಯನ್ನು ಬೇರು ಸಮೇತ ಕಿತ್ತದ್ದಕ್ಕೆ ಮರುಳಸಿದ್ದಪ್ಪನವರಿಗೆ ಶಾಲು ಹೊದಿಸಿದರು. ಚೀನಾದಿಂದ ಒಂದೇ ಒಂದು ತಕರಾರು ಬಂತು: ಕೊಸರು ಚಲೋ ಇದೆ, ಪಲ್ಯ ಬಾಡಿದೆ. ಸರ್ಕಾರ ವಿಷಾದ ವ್ಯಕ್ತಪಡಿಸಿ, ನೀರು ಚಿಮುಕಿಸಲು ಲಾರಿಗೊಬ್ಬ ಆಳನ್ನು ಕಡ್ಡಾಯ ಮಾಡಿತು.

ಜಂಬವ್ವನಿಗೆ ಕುರ್ಚಿ ಬಂತು, ಕಾಯಲು ಒಬ್ಬ ಪೊಲೀಸ ಬಂದ. ಜೊತೆಗೆ ಬಾಗಿಲಿನ ಪ್ರಕಟಣೆಯ ಕೆಳಗೆ ಒಂದು ನಿಯಮವೂ ಅಂಟಿತು: ಪುಂಡಿಪಲ್ಯವನ್ನು ಉಣ್ಣುವ ಉದ್ದೇಶಕ್ಕೆ ಮಾರಿದರೆ ಕಟ್ಟೆ ರದ್ದು. ಕಟ್ಟೆ ಮುಖ್ಯವಾದ್ದರಿಂದ ಅವಳು ತನ್ನ ಮನೆಗೂ ಒಂದು ಸಿವುಡು ಒಯ್ಯಲಿಲ್ಲ.

ಒಂದು ದಿನ ಅಕ್ಕಿ ಮಿಲ್ಲಿನವರ ಮನೆಯ ಗಂಗಾಂಬಿಕಾ ಚೀಲ ಹಿಡಿದು ಬಂದಳು. ಜಂಬವ್ವನ ಹಳೇ ಗಿರಾಕಿ.

"ಜಂಬವ್ವಾ, ನಮ್ಮ ಮಾವಗ ಬಾಯಿ ಕೆಟ್ಟೈತಿ. ಪುಂಡಿಪಲ್ಯ ಇಲ್ಲದ ರೊಟ್ಟಿ ಮುಟ್ಟವಲ್ರು. ಒಂದ ಸಿವುಡು ಕೊಡು."

ಜಂಬವ್ವ ಪೊಲೀಸನ ಕಡೆ ನೋಡಿದಳು. ಪೊಲೀಸ ಪ್ರಕಟಣೆಯ ಕಡೆ ನೋಡಿದ.

"ಪಲ್ಯ ಲಾರಿಗೆ, ತಾಯಿ. ಮಂದಿಗೆ ಇಲ್ಲ. ಬೇಕಂದ್ರ ಕೊಸರು ಒಯ್ಯಿ."

ಬಿಸಿಲಲ್ಲಿ ಅಷ್ಟು ದೂರ ನಡೆದು ಬಂದು ಬರಿಗೈಲಿ ಹೋಗುವುದು ಗಂಗಾಂಬಿಕಾಗೆ ಸರಿ ಕಾಣಲಿಲ್ಲ. ಚೀಲದ ಬಾಯಿ ತೆರೆದಳು. ಜಂಬವ್ವ ಕಟ್ಟೆಯ ಮೇಲಿನ ಕೆಂಪು ಮಣ್ಣನ್ನು ಬಳಿದು ಒಂದು ಹಿಡಿ ಹಾಕಿದಳು.

ಗಂಗಾಂಬಿಕಾ ಚೀಲದೊಳಗೆ ಇಣುಕಿ ನೋಡಿ ಮುಖ ಸಿಂಡರಿಸಿದಳು.

"ಇಷ್ಟೇನ? ನೀನು ಮೊದಲಿನಂಗ ಇಲ್ಲ ಬಿಡು, ಜಂಬವ್ವಾ. ಕೈ ಭಾಳ ಗಿಡ್ಡ ಆಗೈತಿ. ಹಾಕು, ಇನ್ನೊಂದು ಹಿಡಿ ಹಾಕು."