ಕುರಿ ಬಂದ್ರ ಸಾಲಿ ಬಿಟ್ಟಂಗ

ಕಾಟಕಸರಿ ಅನ್ನೂ ಮಾತು ಕಿವಿಗೆ ಬಿದ್ರ ಸಾಕು, ನನಗ ಇವತ್ತಿಗೂ ಮೊದಲ ಸಿಟ್ಟು ಬರ್ತೈತಿ, ಅದರ ಬೆನ್ನಿಗೇ ನಗಿ ಬರ್ತೈತಿ. ಮೂಡಲಗ್ಯಾಗ ಹೆಣ್ಣುಮಕ್ಕಳ ಸಾಲಿಗೆ ನಾ ಅಕ್ಕೋರಾಗಿ ಇದ್ದಷ್ಟು ವರ್ಷ ಗೋಕಾಕದ ಕಚೇರಿಯಿಂದ ಖರ್ಚು ಕಡಿಮಿ ಮಾಡ್ರಿ, ಕಾಟಕಸರಿ ಮಾಡ್ರಿ ಅಂತ ಹುಕುಂ ಬರೂದು ತಪ್ಪಲಿಲ್ಲ. ಒಂದೊಂದು ಹುಕುಮಿನ ಹಿಂದ ಒಂದೊಂದು ಫಜೀತಿ ಬರೂದೂ ತಪ್ಪಲಿಲ್ಲ.

ಆಗ ದೂರ ಎಲ್ಲ್ಯೋ ಲಡಾಯಿ ನಡದಿತ್ತು. ಏನು ಕೇಳಿದ್ರೂ "ಲಡಾಯಿ ಐತ್ರಿ ಅಕ್ಕೋರ" ಅನ್ನೂರು. ನಮ್ಮ ಸಾಲ್ಯಾಗ ಹಲಗಿ ಮ್ಯಾಲೆ ಬರಿಯೂ ಖಡು ಉಳಿಸಿ ಯಾರು ಯಾವ ಲಡಾಯಿ ಗೆಲ್ತಾರೋ ನನಗ ತಿಳೀಲಿಲ್ಲ. ಗೋಕಾಕದ ಆ ಕಚೇರ್ಯಾಗ ಕುಂಡ್ರೂ ಸಾಲಿ ಕಮಿಟಿಗೆ ಚೇರ್ಮನ್ ಅಂದ್ರ ನಮ್ಮೂರ ಗೌಡರ. ಮನಷ್ಯಾ ಕೆಟ್ಟಾಂವ ಅಲ್ಲ. ಆದ್ರ ಗೋಕಾಕಕ್ಕ ಹೋಗಿ ಆ ಖುರ್ಚಿ ಮ್ಯಾಲೆ ಕುಂತ ಕೂಡಲೆ ಊರು ಮರೀತಿದ್ರು.

ನನ್ನ ಅವ್ವಗ ತನ್ನ ಹೆಸರು ಬರಿಯಾಕ ಬರ್ತಿದ್ದಿಲ್ಲ. ಸಾಯೂತನಕಾ ಅದನ್ನ ಆಡಿ ಆಡಿ ಅತ್ತಾಳ. ಅದಕ್ಕ ನಾ ಒಂದ ಹಟ ಹಿಡದಿದ್ದೆ. ಹಂಚು ಹೋಗ್ಲಿ, ಗಂಟಿ ಹೋಗ್ಲಿ, ಈ ಸಾಲಿ ಬಾಗಿಲಾ ಹಾಕಾಕ ಮಾತ್ರ ನಾ ಬಿಡಾಂಗಿಲ್ಲ ಅಂತ.

೧. ಯಾವ ಪಾರ್ಟಿ ಹಂಚು?

ನಮ್ಮ ಸಾಲಿ ಅಂದ್ರ ಒಂದು ದೊಡ್ಡ ಖೋಲಿ. ಕಮಿಟ್ಯಾಗ ಎರಡು ಪಾರ್ಟಿ. ಹಿಂದಿನ ಪಾರ್ಟಿಯವರು ಇಲೆಕ್ಷನ್ ಹತ್ರ ಬಂತಂತ ಹಳೇ ಮಾಡು ಕಿತ್ತಿಸಿ ಹೊಸ ಹಂಚು ಹಾಕ್ಸಾಕ ಸುರು ಮಾಡಿದ್ರು. ಅರ್ಧಾ ಮುಗಿಯೂದ್ರಾಗ ಇಲೆಕ್ಷನ್ ಆತು, ಅವರು ಬಿದ್ರು, ಗೌಡರ ಪಾರ್ಟಿ ಬಂತು. ಉಳಿದ ಅರ್ಧಾ ಹಾಕಸ್ರಿ ಅಂತ ಕೇಳಾಕ ನಾ ಗೋಕಾಕಕ್ಕ ಹೋದೆ.

"ಅಕ್ಕೋರ, ನಾವು ಉಳಿದದ್ದು ಹಾಕ್ಸಿದ್ರ ಹೆಸರು ಅವರಿಗೆ ಬರ್ತೈತ್ರಿ," ಅಂದ್ರು ಗೌಡರು.

"ಹಂಗಾದ್ರ ಅವರದು ತಗದು ಪೂರಾ ನೀವ ಹಾಕಸ್ರಿ."

"ಅಷ್ಟು ರೊಕ್ಕ ಎಲ್ಲೈತ್ರಿ? ಲಡಾಯಿ ಐತಿ."

ಮಳಿಗಾಲ ಬಂತು. ಹುಡುಗ್ಯಾರೆಲ್ಲಾ ಹಂಚಿದ್ದ ಕಡೆ ಒತ್ತಿ ಕುಂಡ್ರೂರು. ಒಂದಿನಾ ಜಿಟಿಜಿಟಿ ಮಳ್ಯಾಗ ಹೊಸದಾಗಿ ಹೆಸರು ಹಚ್ಚಿದ ಸಣ್ಣ ಹುಡಿಗಿ ಒಬ್ಬಾಕಿ ಬಯಲಿದ್ದ ಕಡೆ ಕುಂತು ತೊಯ್ಸಿಕೊಳ್ಳಾಕತ್ತಿತ್ತು. ಪಾಟಿ ತಲಿ ಮ್ಯಾಲೆ ಇಟಗೊಂಡಿತ್ತು. ಈ ಕಡೆ ಬಾರವಾ ಅಂತ ಕರದೆ, ಬರವಲ್ದು. ಕೈ ಹಿಡದು ಜಗ್ಗಿದೆ, ಏಳವಲ್ದು.

"ಯಾಕವಾ, ಏನಾತು?" ಅಂದೆ.

"ನಮ್ಮಪ್ಪ ಗೌಡರ ಪಾರ್ಟಿಯಾಂವ್ರಿ ಅಕ್ಕೋರ. ಆ ಹಂಚಿನ ಕೆಳಗ ಕುಂತ್ರ ಕಾಲು ಮುರೀತೇನಿ ಅಂದಾನ!"

೨. ಗಂಟಿ

ಮರುವರ್ಷ ನಮ್ಮ ಸಿಪಾಯೀನ್ನ ಕೆಲಸದಿಂದ ತಗದ್ರು. ಗಂಟಿ ಬಾರಸೂದು ಅವನ ಕೆಲಸ. ನಾನ ಬಾರಸ್ತೇನಿ ಬಿಡ್ರಿ ಅಂದೆ. ಎರಡ ದಿನಕ್ಕ ಗಂಟಿನೂ ಬಿಚ್ಚಿಕೊಂಡು ಹೋದ್ರು. ಸಿಪಾಯಿ ಇಲ್ಲದ ಸಾಲಿಗೆ ಗಂಟಿ ಎದಕ್ಕ ಅಂತ. ಗೋಕಾಕದ ಕಚೇರ್ಯಾಗ ಕಾರಕೂನರಿಗೆ ಊಟದ ಹೊತ್ತು ತಿಳೀಲಿ ಅಂತ ಅದನ್ನ ಅಲ್ಲೆ ಕಟ್ಟಿದ್ರಂತ.

ಗಡಿಯಾರ ನಮ್ಮ ಹತ್ರ ಮೊದಲ ಇದ್ದಿಲ್ಲ. ಆದ್ರ ಸಾಲಿ ಮುಂದಿನ ದಾರಿಲೆ ಒಬ್ಬ ಕುರುಬರ ಕಾಕಾ ದಿನಾ ಕುರಿ ಹೊಡಕೊಂಡು ಹೋಗಾಂವ. ಅವನ ಮೊಮ್ಮಗಳು ನಮ್ಮ ಎರಡನೇತ್ತೇ ಹುಡಿಗಿ. ಸಂಜೀಕ ಸಾಲಿ ಬಿಡೂ ಹೊತ್ತಿಗೆ ಸರಿಯಾಗಿ ಅವನ ಕುರಿ ತಿರಗಿ ಬರೂವು. ಗಂಟಿ ಹೋದ ಮ್ಯಾಲೆ ಅದ ನಮ್ಮ ಕಾಯ್ದೆ ಆತು. ಕುರಿ ಬಂದ್ರ ಸಾಲಿ ಬಿಟ್ಟಂಗ, ಬರೂತನಕಾ ಯಾರೂ ಏಳೂಹಂಗಿಲ್ಲ. ನಾನೂ ಬಿಗಿಯಾಗೇ ನಡಸ್ತಿದ್ದೆ.

ಒಂದಿನಾ ಗುಡ್ಡದ ಕಡೆ ತ್ವಾಳ ಬಂದೈತಿ ಅಂತ ಸುದ್ದಿ ಹಬ್ಬಿ, ಕಾಕಾ ನಡುಮಧ್ಯಾಹ್ನಕ್ಕೇ ಕುರಿ ಹೊಡಕೊಂಡು ಬಂದ. ಹುಡುಗ್ಯಾರು "ಕುರಿ! ಕುರಿ!" ಅಂತ ಪಾಟಿ ಚೀಲ ಹೊತಗೊಂಡು ಓಡಿದ್ರು. ನಾ ಕೂಗೂದ್ರಾಗ ಖೋಲಿ ಖಾಲಿ. ನನ್ನ ದೈವಕ್ಕ ಅವತ್ತ ಇನ್ಸ್‌ಪೆಕ್ಟರ ಸಾಹೇಬ್ರು ಟಾಂಗಾದಾಗಿಂದ ಇಳದ್ರು. ಎದುರಿಗೆ ಓಡಿ ಬರೂ ಹುಡಿಗೀನ್ನ ಹಿಡದು ನಿಲ್ಲಿಸಿ, "ಏನವಾ, ಇಷ್ಟ ಲಗೂನ ಸಾಲಿ ಬಿಡ್ತೇನು?" ಅಂದ್ರು.

"ಹೌದ್ರಿ. ಕುರಿ ಬಂದ್ವಲ್ರಿ!"

ಸಾಹೇಬ್ರು ತಮ್ಮ ಹಿಂದ ಬರಾಕತ್ತಿದ್ದ ಇಬ್ಬರು ಕಾರಕೂನರನ್ನ ತಿರಗಿ ನೋಡಿದ್ರು. ಅವರೂ ಒಬ್ಬರ ಮಾರಿ ಒಬ್ಬರು ನೋಡಿಕೊಂಡ್ರು.

೩. ಪುಕ್ಕಟ ಹಲಗಿ

ನಮ್ಮ ಕರಿಹಲಗಿ ನಡಕ ಸೀಳಿತ್ತು. ಹೊಸಾದು ಕೊಡಸ್ರಿ ಅಂತ ಕೇಳಿ ಕೇಳಿ ಸಾಕಾಗಿತ್ತು. ಆ ಹೊತ್ತಿಗೆ ಚಹಾಪುಡಿ ಮಾರೂ ಕಂಪನಿಯ ಏಜಂಟ ಒಬ್ಬಾಂವ ಊರಿಗೆ ಬಂದ. ಸಂತ್ಯಾಗ ಒಲಿ ಹೂಡಿ, ಬಂದಬಂದವರಿಗೆ ಪುಕ್ಕಟ ಚಹಾ ಕುಡಸಾಂವ. ನಮ್ಮ ಮಂದಿಗೆ ಮಜ್ಜಗಿ ಬಿಟ್ರ ಬ್ಯಾರೆ ಗೊತ್ತಿಲ್ಲ. "ಸಾಲಿಗೆ ಹಲಗಿ ನಾವು ಕೊಡ್ತೇವ್ರಿ" ಅಂತ ಏಜಂಟ ಗೌಡರಿಗೆ ಹೇಳಿದ. ಪುಕ್ಕಟ ಅಂದ ಕೂಡಲೆ ಕಮಿಟಿಯವರೆಲ್ಲಾ ಕೈ ಎತ್ತಿದ್ರು. ಎರಡೂ ಪಾರ್ಟಿ ಒಂದಾದದ್ದು ನಾ ಕಂಡಿದ್ದು ಅದೊಂದ ಸಲ.

ಹಲಗಿ ಬಂತು. ನೋಡ್ತೇನಿ, ಅರ್ಧಾ ಹಲಗಿ ತುಂಬ ಎಣ್ಣಿ ಬಣ್ಣದಾಗ ಒಂದು ದೊಡ್ಡ ಚಹಾದ ಕಪ್ಪು-ಬಶಿ, ಅದರ ಮ್ಯಾಲೆ ಹಬಿ, ಬಾಜೂಕ "ಮುಂಜಾನೆ ಎದ್ದ ಕೂಡಲೆ ಚಹಾ, ದಣಿವಾದಾಗ ಚಹಾ, ಮಂದಿ ಬಂದಾಗ ಚಹಾ" ಅಂತ ಬರದಿತ್ತು. ಅರಬಿಲೆ ತಿಕ್ಕಿದೆ, ಬೂದಿಲೆ ತಿಕ್ಕಿದೆ, ಹೋಗವಲ್ದು. ಲೆಕ್ಕಾ, ಕಾಗುಣಿತಾ ಎಲ್ಲಾ ಬಶಿ ಕೆಳಗಿನ ಜಾಗಾದಾಗ ಬರೀಬೇಕು. ಖಡೂನೂ ಅರ್ಧಾ ತುಂಡು ಮಾಡಿ ಕಳಸ್ತಿದ್ರು, ಹಿಂಗಾಗಿ ಜಾಗಾಕ್ಕ ಸರಿಹೋಗಿತ್ತು ಅನ್ನಿ.

ಪರೀಕ್ಷಾಕ್ಕ ಅದ ಇನ್ಸ್‌ಪೆಕ್ಟರ ಸಾಹೇಬ್ರು ಬಂದ್ರು. ಮೊದಲಿನ ಪ್ರಶ್ನಿ, "ಮುಂಜಾನೆ ಎದ್ದ ಕೂಡಲೆ ಏನು ಮಾಡಬೇಕು?" ಮಾರಿ ತೊಳೀಬೇಕು, ದೇವರಿಗೆ ಕೈ ಮುಗೀಬೇಕು ಅಂತ ನಾ ಕಲಿಸಿದ್ದೆ.

ಖೋಲಿ ಗುಡುಗೂಹಂಗ ಎಲ್ಲಾರೂ ಕೂಡಿ ಕೂಗಿದ್ರು. "ಚಹಾ!"

"ದಣಿವಾದ್ರ?"

"ಚಹಾ!"

"ಮನಿಗೆ ಮಂದಿ ಬಂದ್ರ ಏನು ಮಾತಾಡಬೇಕು?"

"ಚಹಾ!"

ನನಗ ನೆಲಾ ಬಾಯಿ ತೆರದ್ರ ಸಾಕಾಗಿತ್ತು. ಸಾಹೇಬ್ರು ಹಲಗಿ ಓದಿದ್ರು, ಮತ್ತೊಮ್ಮೆ ಓದಿದ್ರು. ಆಮ್ಯಾಲೆ ನನ್ನ ಹತ್ರ ಬಂದು ಸಣ್ಣ ದನಿಲೆ ಕೇಳಿದ್ರು.

"ಅಕ್ಕೋರ, ಇಷ್ಟು ಕೇಳಿ ನನಗೂ ಬಾಯಾಗ ನೀರು ಬಂತು. ಎಲ್ಲಿಯಾರ ಒಂದು ಕಪ್ಪು ಸಿಗ್ತೈತೇನ್ರಿ?"

೪. ಕೂಡಸೂದು

ಹಲಗಿ ಕೊಟ್ಟ ಏಜಂಟಗ ಈಗ ಖೋಲಿ ಮ್ಯಾಲೇ ಕಣ್ಣು ಬಿತ್ತು. ಪ್ಯಾಟಿ ದಾರ್ಯಾಗ ಐತಿ, ಚಹಾ ಪೆಟಗಿ ಇಡಾಕ ಗೋದಾಮು ಆಗ್ತೈತಿ, ಉಳಿದ ಅರ್ಧಾ ಮಾಡಿಗೆ ತಗಡು ನಾವ ಹಾಕ್ತೇವಿ, ಬಾಡಿಗಿನೂ ಕೊಡ್ತೇವಿ ಅಂದ. ಗೌಡರು ನನ್ನ ಕರಸಿದ್ರು.

"ಸಾಲಿ ಮುಚ್ಚೂದಲ್ರಿ ಅಕ್ಕೋರ. ಗಂಡುಹುಡುಗರ ಸಾಲ್ಯಾಗ ಕೂಡಸೂದು, ಅಷ್ಟ."

ಕೂಡಸೂದು ಅಂದ್ರ ಏನಂತ ನನಗ ಗೊತ್ತಿತ್ತು. ಹುಕ್ಕೇರಿ ಕಡೆ ಒಂದು ಹಳ್ಳ್ಯಾಗ ಹಿಂಗ ಕೂಡಿಸಿದ್ರು. ಮರುದಿನಾ ಒಂದು ಹುಡಿಗೀನೂ ಬರಲಿಲ್ಲ. ಯಾವ ತಂದಿತಾಯಿ ಕಳಸ್ತಾರ? "ಹೆಣ್ಣುಹುಡುಗ್ಯಾರಿಗೆ ಕಲಿಯೂ ಮನಸಿಲ್ಲ" ಅಂತ ಬರಕೊಂಡು ಕಮಿಟಿಯವರು ಕೈ ತೊಳಕೊಂಡ್ರು. ಅಲ್ಲಿಯ ಅಕ್ಕೋರು ನನ್ನ ಗೆಳತಿ. ಭೆಟ್ಟಿಯಾದಾಗ ಅತ್ತಳು, ಅತ್ತು ಮುಗಿಸಿ ಮೂಗು ಒರಸಿಕೊಂಡು ಹೇಳಿದಳು.

"ನಮ್ಮ ಸಾಲ್ಯಾಗಿಂದ ಅಲ್ಲಿ ಹೋಗಿ ಕೂಡಿಕೊಂಡದ್ದು ನನ್ನ ಖುರ್ಚಿ ಒಂದ ನೋಡವಾ. ಹೆಡ್‌ಮಾಸ್ತರು ಅದರ ಮ್ಯಾಲೆ ಕುಂತು ನಿದ್ದಿ ಮಾಡ್ತಾರ!"

೫. ಮುಯ್ಯಾಳ

ನಾ ಒಪ್ಪಲಿಲ್ಲ. ಜಗಳಾಡಿದೆ. ಕಡೀಕ ಕಮಿಟಿಯವರು ಒಂದು ಹುಕುಂ ಮಾಡಿದ್ರು. ಇಂಥಾ ದಿನಾ ಬಂದು ಎಣಸ್ತೇವಿ. ಮೂವತ್ತು ತಲಿ ಇದ್ರ ಸಾಲಿ ಉಳೀತೈತಿ, ಒಂದು ಕಡಿಮಿ ಆದ್ರೂ ಗೋದಾಮು. ದಿನಾ ನೋಡಿದ್ರ ಹತ್ತಿ ಬಿಡಸೂ ಸುಗ್ಗಿ! ಆ ಹೊತ್ತಿಗೆ ನಡಿಯಾಕ ಬರೂ ಹುಡುಗ್ಯಾರೆಲ್ಲಾ ಹೊಲದಾಗ ಇರ್ತಾರ. ಬ್ಯಾರೆ ದಿನಾ ಇಡ್ರಿ ಅಂದ್ರ ಗೌಡರು ಕೇಳಲಿಲ್ಲ.

ಮನಿಮನಿ ತಿರುಗಿದೆ. ಬಾಗಲಾಗ ಆಯಿಗೋಳು ಅಷ್ಟ ಕುಂತಿರೂರು. "ಅದೊಂದ ದಿನಾ ಹುಡಿಗೀನ್ನ ಕಳಸ್ರಿ ಆಯಿ" ಅಂದ್ರ, "ಹತ್ತಿ ಒಡದು ನಿಂತೈತಿ, ಹ್ಯಾಂಗ ಕಳಸೂದವಾ?" ಅನ್ನೂರು. ನಮ್ಮ ಸಾಲ್ಯಾಗ ಎಲ್ಲಾರಿಗಿಂತ ಶಾಣ್ಯಾ ಹುಡಿಗಿ ಗಂಗವ್ವ. ಆಕಿ ಗೌಡರ ಆಳಿನ ಮಗಳು, ಗೌಡರ ಹೊಲದಾಗ ಹತ್ತಿ ಬಿಡಸಾಕ ಹೋಗಿದ್ದಳು. ಧೈರ್ಯಾ ಮಾಡಿ ಗೌಡರ ಮನಿಗೇ ಹೋದೆ. ಗೌಡರ ಅವ್ವ, ಎಂಬತ್ತರ ಹತ್ರದ ಮುದುಕಿ, ಕಟ್ಟಿ ಮ್ಯಾಲೆ ಕುಂತು ಬೆಳ್ಳೊಳ್ಳಿ ಬಿಡಸಾಕತ್ತಿದ್ರು. ಅವರೂ ಆಗೂದಿಲ್ಲ ಅಂದ್ರು.

ನನಗ ಅಳು ಬಂತು. "ಹುಡಿಗಿ ಬರಾಕಾಗದಿದ್ರ ಮನ್ಯಾಗಿಂದ ಯಾರರೆ ಒಬ್ಬರು ಬರ್ರಿ ಆಯಿ," ಅಂದೆ. ಎಲ್ಲಾರ ಮನ್ಯಾಗೂ ಅಷ್ಟ ಅಂದು ಬಂದೆ. ನಮ್ಮ ಹುಡಿಗಿ ದಿನಾ ಸಾಲಿಗೆ ಹೋಗ್ತಾಳ ಅಂತ ಸಾಹೇಬ್ರ ಮುಂದ ಒಂದು ಮಾತು ಹೇಳ್ಲಿ ಅಂತ ನನ್ನ ಮನಸಿನ್ಯಾಗ.

ಆದ್ರ ನಮ್ಮ ಕಡೆ ಹೊಲದ ಕೆಲಸಕ್ಕ ಮುಯ್ಯಾಳ ಅಂತ ಒಂದು ಪದ್ಧತಿ ಐತಿ. ಇವತ್ತು ನಿಮ್ಮ ಹೊಲಕ್ಕ ನಾವು, ನಾಳಿ ನಮ್ಮ ಹೊಲಕ್ಕ ನೀವು. ಬರಬೇಕಾದಾಕಿಗೆ ಆಗದಿದ್ರ ಮನ್ಯಾಗಿನ ಇನ್ನೊಬ್ಬಾಕಿ ಬರ್ತಾಳ. ಬಂದಾಕಿ ಯಾರಾದ್ರೂ ಆಳು ಆಳ. ಯಾವ ಹೊಲದಾಗೂ ಯಾರೂ ತಕರಾರು ಮಾಡೂದಿಲ್ಲ.

ಆ ದಿನಾ ಬಾಗಿಲಾ ತಗದು ಒಬ್ಬಾಕಿನ ಕುಂತಿದ್ದೆ. ಮೊದಲ ಒಬ್ಬ ಆಯಿ ಬಂದಳು, ಕಂಕಳದಾಗ ಮೊಮ್ಮಗಳ ಪಾಟಿ. ಹಿಂದ ಮತ್ತೊಬ್ಬಾಕಿ, ಆಕಿ ಹಿಂದ ನಾಕು ಮಂದಿ. ಕೋಲು ಊರಕೋತ ಬಂದ್ರು, ಒಬ್ಬರ ಕೈ ಒಬ್ಬರು ಹಿಡಕೊಂಡು ಬಂದ್ರು. ಹಂಚಿನ ಕೆಳಗಿನ ಅರ್ಧಾ ಖೋಲಿ ತುಂಬಿತು.

"ಏನ್ರಿ ಇದು?" ಅಂದೆ.

"ನೀವ ಹೇಳಿದ್ರೆಲ್ರಿ? ಹುಡಿಗಿ ನನ್ನ ಪಾಲಿನ ಹತ್ತಿ ಬಿಡಸಾಕ ಹೋಗ್ಯಾಳ. ಆಕಿ ಪಾಲಿನ ಸಾಲಿ ಕುಂಡ್ರಾಕ ನಾ ಬಂದೇನಿ."

ನಾ ಬಾಯಿ ತೆರಿಯೂದ್ರಾಗ ಗೌಡರು, ಇನ್ಸ್‌ಪೆಕ್ಟರ ಸಾಹೇಬ್ರು, ಅಳತಿ ಟೇಪು ಹಿಡಕೊಂಡ ಏಜಂಟ ಮೂರೂ ಮಂದಿ ಬಂದ್ರು. ನಾ ಹೆಸರು ಕರದೆ. ಒಬ್ಬೊಬ್ಬ ಆಯೀನೂ ಮೊಮ್ಮಗಳ ಹೆಸರಿಗೆ "ಹಾಜರ್ರಿ!" ಅಂದಳು. ಸಾಹೇಬ್ರು ಮೀಸಿ ಕೆಳಗ ನಗಾಕತ್ತಿದ್ರು, ಬೆರಳು ಮಾತ್ರ ಎಣಸೂದು ಬಿಡಲಿಲ್ಲ. ಕಡೇ ಹೆಸರು ಗಂಗವ್ವಂದು. ಅಲ್ಲಿಗೆ ಇಪ್ಪತ್ತೊಂಬತ್ತು ಆಗಿತ್ತು.

"ಗಂಗವ್ವ," ಅಂದೆ. ಮತ್ತೊಮ್ಮೆ ಜೋರಾಗಿ ಕರದೆ. "ಗಂಗವ್ವ!"

ಏಜಂಟ ಟೇಪು ಬಿಚ್ಚಿದ. ಆಗ ಮೂಲ್ಯಾಗ ಮುಸುಕು ಹೊತಗೊಂಡು ಕುಂತ ಒಂದು ಮುದುಕಿ ಎದ್ದು ನಿಂತಳು.

"ಹಾಜರ ಅದೀನ್ರಿ ಅಕ್ಕೋರ. ಸ್ವಲ್ಪ ಕಿವಿ ಮಂದ."

"ಅವ್ವಾ!" ಅಂದ್ರು ಗೌಡರು.

"ಹೂಂನೋ ತಮ್ಮಾ. ಗಂಗಿ ನಿನ್ನ ಹೊಲದಾಗ ಹತ್ತಿ ಬಿಡಸಾಕತ್ತಾಳ. ಆಕಿ ಮುಯ್ಯಿ ತೀರ್ಸಾಕ ನಾ ಇಲ್ಲಿ ಬಂದೇನಿ. ಮಂದಿ ಮುಯ್ಯಿ ಉಳಿಸಿಕೊಂಡ ಮನಿಯಲ್ಲ ನಮ್ಮದು."

"ಅವ್ವಾ, ಇದು ಸಾಲಿ. ಇಲ್ಲಿ ಮುಯ್ಯಾಳ ನಡಿಯೂದಿಲ್ಲ."

"ಯಾಕ ನಡಿಯೂದಿಲ್ಲ? ನಮ್ಮ ಹೊಲಕ್ಕ ಬಂದ ಮುಯ್ಯಾಳನ್ನ ಆಳ ಅಲ್ಲ ಅಂತ ನೀ ಒಮ್ಮೆರ ತಿರಗಿ ಕಳಿಸೀದೇನು? ಎಣಸೋ ಮಗನ. ನಿಮ್ಮವ್ವಂದು ತಲಿ ಅಲ್ಲಂತೀದೇನು?"

ಆಯಿಗೋಳೆಲ್ಲಾ ಗೌಡರ ಮಾರಿ ನೋಡಿದ್ರು. ಗೌಡರು ನೆಲಾ ನೋಡಿದ್ರು. "ಮೂವತ್ತು ಆತ್ರಿ," ಅಂದ್ರು ಸಾಹೇಬ್ರು. ನನ್ನ ಕಣ್ಣಾಗ ನೀರು ನಿಲ್ಲಲಿಲ್ಲ. ನಾ ಅದನ್ನ ಒರಸಿಕೊಳ್ಳಾಕೂ ಹೋಗಲಿಲ್ಲ.

ಗೌಡರು ಸೋತ ದನಿಲೆ "ನಡಿಯವ್ವಾ, ಮನಿಗೆ ಹೋಗೂಣು" ಅಂದ್ರು.

"ಹ್ಯಾಂಗ ಬರ್ಲಿ? ಮುಯ್ಯಿಗೆ ಬಂದಾಕಿ ನಡುವ ಎದ್ದು ಬರ್ತಾಳೇನು? ಸಾಲಿ ಇನ್ನಾ ಬಿಟ್ಟಿಲ್ಲ."

"ಯಾವಾಗ ಬಿಡ್ತೈತಿ?"

"ಕುರಿ ಬಂದ ಮ್ಯಾಲೆ. ಗಂಟಿ ನೀನ ಬಿಚ್ಚಿಕೊಂಡು ಹೋಗಿಯಲ್ಲ? ಕುಂಡ್ರು. ಮೂರೂ ಮಂದಿ ಕುಂಡರ್ರಿ."

ಹಂಚಿನ ಕೆಳಗ ಜಾಗಾ ಇದ್ದಿಲ್ಲ. ಮೂರೂ ಮಂದಿ ಬಯಲಿದ್ದ ಕಡೆ ರಣಬಿಸಲಾಗ ಕುಂತ್ರು. ಏಜಂಟ ಅಳತಿ ಟೇಪು ಮಡಚಿ ತಲಿ ಮ್ಯಾಲೆ ಇಟಗೊಂಡ. ನಾ ಆಯಿಗೋಳಿಗೆ "ಅ" ತಿದ್ದಸಾಕ ಸುರು ಮಾಡಿದೆ.

ಮುಂದಿನ ಸಂತಿ ಅನ್ನೂದ್ರಾಗ ಗಾಡಿ ತುಂಬ ಹಂಚು ಬಂದ್ವು, ಗಂಟಿನೂ ಬಂತು. ಆದ್ರ ಆ ಎಣಿಕಿ ದಿನಾ ಮಾತ್ರ ಕುರಿ ಭಾಳ ತಡಾ ಮಾಡಿದ್ವು. ಹೊತ್ತು ಮುಣಗಿದ ಮ್ಯಾಲೆ ಬಂದ್ವು. "ಹಳ್ಳದ ದಂಡ್ಯಾಗ ಹಸರ ಹುಲ್ಲು ಸಿಕ್ಕಿತ್ರಿ ಅಕ್ಕೋರ," ಅಂದ ಕುರುಬರ ಕಾಕಾ. ಆ ಉರಿ ಬಿಸಲಾಗ ಹಳ್ಳಕ್ಕ ಹಸರ ಹುಲ್ಲು ಎಲ್ಲಿಂದ ಬಂತು ಅಂತ ನಾನೂ ಕೇಳಲಿಲ್ಲ, ಅಂವನೂ ಹೇಳಲಿಲ್ಲ.