ಮಾವನವರ ಪ್ರಾಣವಾಯು

ಆ ಭಾನುವಾರ ಕಾಫಿಯ ಮೊದಲ ಗುಟುಕಿಗೇ ನಾನು ಘೋಷಣೆ ಹೊರಡಿಸಿಬಿಟ್ಟೆ: ಟಾರ್ಚಿನ ಆಮ್ಲಜನಕದ ವಾಲ್ವನ್ನು ನಾನೇ ಬದಲಾಯಿಸುತ್ತೇನೆ, ಯಾವ ರಿಪೇರಿಯವನ ಹಂಗೂ ನನಗೆ ಬೇಡ!

ಟಾರ್ಚ್ ಎಂದರೆ ಕತ್ತಲಲ್ಲಿ ಹಿಡಿದು ನಡೆಯುವ ಬ್ಯಾಟರಿಯಲ್ಲ. ಪೆನ್ನಿನಂತೆ ಹಿಡಿದು ಗಾಜು ಕರಗಿಸುವ, ಬೆಂಕಿಯುಗುಳುವ ಪುಟ್ಟ ಉಪಕರಣ. ಬಾಲಕ್ಕೆ ಎರಡು ಕೊಳವೆ. ಒಂದರಲ್ಲಿ ಗ್ಯಾಸು, ಇನ್ನೊಂದರಲ್ಲಿ ಆಮ್ಲಜನಕ. ನಮ್ಮ ಲೌಷಾ ಊರಿನಲ್ಲಿ ಗಾಜು ಊದದ ಮನೆ ಕಡಿಮೆ. ನಾನು ಊದುವುದು ಕಣ್ಣು. ಗೊಂಬೆಗಳಿಗೆ, ಹುಲ್ಲು ತುಂಬಿದ ಗೂಬೆಗಳಿಗೆ, ಆಗಾಗ ಬದುಕಿರುವ ಮನುಷ್ಯರಿಗೂ. ಚರ್ಚಿನಲ್ಲಿ ಹಾಡುವ ರೋಸ್ವಿತಾ ತನ್ನ ಎಡಗಣ್ಣಿಗಾಗಿ ಬುಧವಾರ ಬರುವವಳಿದ್ದಳು. ವಾಲ್ವು ನೋಡಿದರೆ ಸವೆದುಹೋಗಿ, ಎಷ್ಟು ತಿರುಗಿಸಿದರೂ ಮುಚ್ಚದೆ, ಬೆಂಕಿ ತನ್ನಿಷ್ಟಕ್ಕೆ ಉಬ್ಬುತ್ತಿತ್ತು, ಕುಗ್ಗುತ್ತಿತ್ತು.

ಟಾರ್ಚು ನನ್ನ ಮಾವ ಆಲ್ಬಿನ್ ಅವರದು. ವಸಂತದಲ್ಲಿ ತೀರಿಕೊಳ್ಳುವವರೆಗೂ ಅದರ ಒಂದು ತಿರುಪನ್ನೂ ನನ್ನಿಂದ ಮುಟ್ಟಿಸಿದವರಲ್ಲ. ಹೆಂಡತಿ ಗೆರ್ಲಿಂಡ್ ನನ್ನ ಘೋಷಣೆ ಕೇಳಿ ರೊಟ್ಟಿಗೆ ಬೆಣ್ಣೆ ಹಚ್ಚುವುದನ್ನು ನಿಲ್ಲಿಸಿದಳು. ಸತ್ತವರನ್ನು ನೆನೆಯುವ ಭಾನುವಾರವೇ ಅಪ್ಪನ ಸಾಮಾನು ಬಿಚ್ಚಬೇಕೆ ಎಂದು ಕೇಳಿದಳು. ಬಿಚ್ಚುವುದೇನು, ಜೀರ್ಣೋದ್ಧಾರ ಮಾಡುತ್ತೇನೆ ಎಂದೆ.

ನೆಲಮಾಳಿಗೆಯ ಕಾರ್ಖಾನೆಗೆ ಇಳಿದು, ಸಿಲಿಂಡರುಗಳನ್ನು ಮುಚ್ಚಿ, ಹಳೆಯ ವಾಲ್ವು ಕಿತ್ತು, ಹೊಸದನ್ನು ಕೂರಿಸಿ ಬಿಗಿದೆ. ಅಂಗೈಯಲ್ಲಿ ಒಂದು ಸಣ್ಣ ಕಪ್ಪು ರಬ್ಬರಿನ ಉಂಗುರ ಉಳಿಯಿತು. ಕಂಪನಿಯವರು ಧಾರಾಳಿಗಳು, ಒಂದು ಹೆಚ್ಚಿಗೆ ಹಾಕಿದ್ದಾರೆ ಎಂದುಕೊಂಡು ಜೇಬಿಗಿಳಿಸಿದೆ. ಆಮ್ಲಜನಕದ ಸಿಲಿಂಡರನ್ನು ತೆರೆದೆ. ಟಾರ್ಚು ತೆಪ್ಪಗೆ ಮಲಗಿದಂತೆ ಕಂಡಿತು, ಕಿವಿಗೊಟ್ಟು ಕೇಳುವ ಗೋಜಿಗೆ ಹೋಗಲಿಲ್ಲ. ಇನ್ನೇನು ಬೇಕು? ಗೆದ್ದ ಸೇನಾಪತಿಯಂತೆ ಮೇಲೆ ಹೋಗಿ ಗಸಗಸೆ ಕೇಕಿನ ಎರಡನೆಯ ತುಂಡಿಗೆ ಕೈ ಹಾಕಿದೆ. ಸಿಲಿಂಡರು ತೆರೆದೇ ಇತ್ತು.

ಹೊರಗೆ ಮಂಜು ಕಿಟಕಿಗೆ ಮುಖ ಒತ್ತಿಕೊಂಡು ನಿಂತಿತ್ತು. ಮಧ್ಯಾಹ್ನವೇ ಮಬ್ಬು ಕವಿದಿತ್ತು. ಅಪ್ಪನ ಫೋಟೋದ ಮುಂದೆ ಮೇಣದಬತ್ತಿ ಹಚ್ಚಿ ಬರುತ್ತೇನೆಂದು ಗೆರ್ಲಿಂಡ್ ಕೆಳಗೆ ಹೋದಳು. ಫೋಟೋ ಇದ್ದದ್ದು ಕೆಲಸದ ಮೇಜಿನ ಮೇಲೆಯೇ. ಪಕ್ಕದಲ್ಲಿ ಅವರ ಪ್ರೀತಿಯ ಧೂಪದ ಗೊಂಬೆ: ಗಡ್ಡದ ಮರದ ಮುದುಕ, ಹೊಟ್ಟೆಯೊಳಗೆ ಧೂಪವಿಟ್ಟರೆ ಬಾಯಿಂದ ಹೊಗೆ ಬಿಡುತ್ತಾನೆ.

ಹೋದವಳು ಬರಲಿಲ್ಲ. ಮೇಲಿನಿಂದ ಎರಡು ಸಲ ಕರೆದೆ. ಮೆಟ್ಟಿಲಿಳಿದೆ. ಅರ್ಧದಲ್ಲಿ ಕಾಲು ತಾನಾಗಿ ನಿಂತಿತು.

ಕೆಳಗೆ ಯಾರೋ ಉಸಿರಾಡುತ್ತಿದ್ದರು.

ಸಣ್ಣಗೆ, ಹಲ್ಲುಗಳ ನಡುವಿನಿಂದ ಬರುವಂಥ ಸಿಳ್ಳಿನ ಉಸಿರು. ಜೀವಮಾನವಿಡೀ ಗಾಜು ಊದಿದ ಮಾವನವರ ಎದೆ ಕೊನೆಯ ಚಳಿಗಾಲದಲ್ಲಿ ಥೇಟ್ ಹೀಗೇ ಸದ್ದು ಮಾಡುತ್ತಿತ್ತು. ಮೇಣದಬತ್ತಿಯ ಜ್ವಾಲೆ ಗೇಣುದ್ದ ಎದ್ದು, ಹಾಲಿನಷ್ಟು ಬೆಳ್ಳಗೆ ಉರಿಯುತ್ತಿತ್ತು. ಕಪಾಟಿನಲ್ಲಿ ಸಾಲಾಗಿಟ್ಟ ಅಷ್ಟೂ ಗಾಜಿನ ಕಣ್ಣುಗಳಲ್ಲಿ ಒಂದೊಂದು ಜ್ವಾಲೆ. ನಾನೇ ಮಾಡಿದ ಕಣ್ಣುಗಳು ನನ್ನನ್ನೇ ಕಣ್ಣು ಬಿಟ್ಟು ನೋಡುತ್ತಿದ್ದವು. 

ಗೆರ್ಲಿಂಡ್ ಫೋಟೋದ ಮುಂದೆ ಕೈಕಟ್ಟಿ ನಿಂತಿದ್ದಳು. ಹೆದರಿಕೆಯೇ ಇಲ್ಲದ ಮೆಲುದನಿಯಲ್ಲಿ ಮಾತಾಡುತ್ತಿದ್ದಳು.

"ಬಂದ್ಯಾ ಅಪ್ಪಾ? ನಂಗೊತ್ತಿತ್ತು, ಟಾರ್ಚ್ ಬಿಚ್ಚಿದ್ರೆ ನೀನು ಸುಮ್ನಿರಲ್ಲ ಅಂತ."

ಉಸಿರು ಏರಿದಂತೆ ನನಗೆ ಕೇಳಿಸಿತು.

"ನಾನ್ ಚೆನ್ನಾಗಿದೀನಿ. ಒಟ್ಮಾರ್ ಒಳ್ಳೇವ್ನೇ. ಆದ್ರೆ ನೀನ್ ಹೇಳಿದ್ದು ನಿಜ ಕಣಪ್ಪ. ಬಾಯಿ ಇರೋ ಅಷ್ಟು ಕೈ ಇಲ್ಲ ಅವ್ನಿಗೆ."

ಒಟ್ಮಾರ್ ಎಂದರೆ ನಾನು. ಭೂತದ ಭಯ, ಮಾನಹಾನಿ ಎರಡನ್ನೂ ಒಂದೇ ಮೆಟ್ಟಿಲ ಮೇಲೆ ನಿಂತು ಅನುಭವಿಸಿದವರು ಈ ಭೂಮಿಯಲ್ಲಿ ಇನ್ನಾರಿದ್ದಾರೆ!

ಅಷ್ಟರಲ್ಲಿ ಮರದ ಮುದುಕ ಬಾಯಿಂದ ಬೆಂಕಿ ಕಾರಿದ. ಹೊಗೆಯಲ್ಲ, ಬೆಂಕಿ. ಮೇಣದಬತ್ತಿಯ ಜೊತೆಗೇ ಗೆರ್ಲಿಂಡ್ ಹಚ್ಚಿಟ್ಟಿದ್ದ ಅವನ ಹೊಟ್ಟೆಯೊಳಗಿನ ಧೂಪ ಭಗ್ಗೆಂದು ಹೊತ್ತಿ, ಗಡ್ಡ ಉರಿಯತೊಡಗಿತು. ಆ ಬೆಳಕಿನಲ್ಲಿ ಕಂಡೆ: ಮೇಜಿನ ಮೇಲೆ ಟಾರ್ಚು, ಹೊಸ ವಾಲ್ವಿನ ಬುಡದಲ್ಲಿ ಸಿಕ್ಕಿಕೊಂಡ ಒಂದು ಹತ್ತಿಯ ಎಳೆ ಪಟಪಟನೆ ನಡುಗುತ್ತಿತ್ತು. ನನ್ನ ಕೈ ಜೇಬಿನೊಳಗಿನ ಉಂಗುರವನ್ನು ಮುಟ್ಟಿತು. ಉಸಿರಾಡುತ್ತಿದ್ದವರು ಮಾವನವರಲ್ಲ. ನಾನು ಹೆಚ್ಚೆಂದು ತೆಗೆದಿಟ್ಟ ಉಂಗುರದ ಜಾಗದಿಂದ ಪ್ರಾಣವಾಯು ಸೋರುತ್ತಿತ್ತು. ಅದನ್ನು ಕುಡಿದೇ ಬೆಂಕಿಗೆ ಈ ಮದ!

ಗೆರ್ಲಿಂಡಳ ತೋಳು ಹಿಡಿದು ಹಿಂದೆಳೆದೆ. ಉರಿಯುವ ಮುದುಕನನ್ನು ಇಕ್ಕಳದಲ್ಲಿ ಎತ್ತಿ ನೀರಿನ ಬಕೆಟ್ಟಿಗೆ ಎಸೆದೆ. ಮೇಣದಬತ್ತಿಯನ್ನು ನಂದಿಸಿ ಸಿಲಿಂಡರನ್ನು ಮುಚ್ಚಿದೆ. ಕೊಳವೆಯಲ್ಲಿ ಉಳಿದಿದ್ದ ಗಾಳಿ ಕತ್ತಲಲ್ಲಿ ಹೋಗುತ್ತ ಹೋಗುತ್ತ ಕ್ಷೀಣಿಸಿತು. ಒಮ್ಮೆ ತಡೆಯಿತು. ಮತ್ತೆ ಎಳೆಯಿತು. ನಿಂತಿತು. ವಸಂತದಲ್ಲಿ ಮಾವನವರ ಉಸಿರೂ ಹಾಗೇ ನಿಂತಿತ್ತು. ಅವರ ಕೈ ಹಿಡಿದುಕೊಂಡು ನಾವಿಬ್ಬರೂ ಪಕ್ಕದಲ್ಲಿದ್ದೆವು.

ದೀಪ ಹಾಕಿದೆ. ಗೆರ್ಲಿಂಡಳ ಕೆನ್ನೆ ಒದ್ದೆಯಾಗಿತ್ತು. ಸುಮ್ಮನಿದ್ದುಬಿಡಬಹುದಿತ್ತು, ಮಾವ ಬಂದಿದ್ದರು, ಹೋದರು ಎಂದರೆ ನನ್ನ ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ಆ ಮುಖ ನೋಡಿ ಸುಳ್ಳು ಬಾಯಿಗೆ ಬರಲಿಲ್ಲ. ಉಂಗುರವನ್ನು ಅವಳ ಅಂಗೈಗೆ ಹಾಕಿ ಎಲ್ಲವನ್ನೂ ಹೇಳಿದೆ. ಮನೆ ಸುಟ್ಟುಹೋಗುತ್ತಿತ್ತು ಎಂಬುದನ್ನೂ ಹೇಳಿದೆ. ಬೈಗುಳಕ್ಕೆ ತಲೆ ಒಡ್ಡಿ ನಿಂತೆ.

ಅವಳು ಬೈಯಲಿಲ್ಲ. ಉಂಗುರವನ್ನು ಬೆರಳ ತುದಿಯಲ್ಲಿ ಬಹಳ ಹೊತ್ತು ತಿರುಗಿಸಿದಳು. ಆಮೇಲೆ ಕಿಟಕಿಗಳನ್ನೆಲ್ಲ ತೆರೆದರೆ, ಬೆಂಕಿ ಇಲ್ಲದಿದ್ದರೆ, ಅಪಾಯವಿಲ್ಲ ತಾನೆ ಎಂದು ಕೇಳಿದಳು. ಇಲ್ಲ ಎಂದೆ.

"ಹಂಗಿದ್ರೆ ಕಿಟಕಿ ತೆಗ್ದು, ಸಿಲಿಂಡರ್ ಮತ್ತೆ ಸ್ವಲ್ಪ ತಿರುಗ್ಸು."

"ಯಾಕೆ?"

"ಅಪ್ಪನ್ ಹತ್ರ ಮಾತು ಮುಗ್ದಿಲ್ಲ. ಬಾಗ್ಲು ಎಳ್ಕೊಂಡು ಹೋಗು. ನಿನ್ ವಿಷ್ಯ ಈಗ ತಾನೇ ಶುರು ಮಾಡಿದ್ದೆ."

ಕಿಟಕಿಗಳನ್ನೆಲ್ಲ ತೆರೆದು ಸಿಲಿಂಡರು ತಿರುಗಿಸಿದೆ. ಉಸಿರು ಮತ್ತೆ ಬಂತು. ಬಾಗಿಲೆಳೆದು ಮೆಟ್ಟಿಲ ಮೇಲೆ ಕೂತೆ. ಒಳಗೆ ಅವಳ ಮೆಲುದನಿ, ನಡುನಡುವೆ ಮಾವನವರ ಸಿಳ್ಳು. ಬೇಗ ಮುಗಿಯಬಹುದೆಂದು ಕಾದೆ. ಮುಗಿಯುವುದೆಲ್ಲಿಂದ ಬಂತು? ಸಿಲಿಂಡರನ್ನು ನಾನು ಮೊನ್ನೆ ತಾನೇ ತುಂಬಿಸಿಕೊಂಡು ಬಂದಿದ್ದೆ.