ಮಡಿ ತಂತಿಯ ಹಾಡು

ವಿಠ್ಠಲಾಚಾರ್ಯನ ಹೊಸ ರೆಕಾರ್ಡ್ ಪ್ಲೇಯರಿಗೆ ನೆಗಡಿಯಾಗಿತ್ತು. ಹಾಗೆಂದು ತೀರ್ಪು ಕೊಟ್ಟವರು ಅವನ ತಾಯಿ ಅನ್ನಪೂರ್ಣಾಬಾಯಿ.

"ಏನೋ ಇದು, ದಾಸರ ಪದ ಹಾಡ್ಲಿಕ್ಕೆ ಹತ್ಯಾನೋ, ಸೀನ್ಲಿಕ್ಕೆ ಹತ್ಯಾನೋ? ಸಂಜಿ ದೀಪ ಹಚ್ಚೂದ್ರೊಳಗ ಸರಿ ಆಗ್ಲಿಲ್ಲಂದ್ರ ಆ ಡಬ್ಬಿ ಯರ್ರೆಪ್ಪನ ಹೋಟೆಲಿಗೆ ಹೋಗ್ತದ, ನೋಡು!"

ಆದೋನಿಯ ಹತ್ತಿ ಮಿಲ್ಲಿನ ಗುಮಾಸ್ತನಾದ ವಿಠ್ಠಲ ಮೂರು ವರ್ಷ ಹಂಬಲಿಸಿ ತಂದ ಸೆಟ್ಟು ಅದು. ದಾಸರ ಪದಕ್ಕೆಂದು ಹೇಳಿ ತಾಯಿಯನ್ನು ಒಪ್ಪಿಸಿದ್ದ. ಹನ್ನೆರಡು ಸಿನಿಮಾ ರೆಕಾರ್ಡುಗಳು ಟ್ರಂಕಿನಲ್ಲಿ ಧೋತ್ರದ ಕೆಳಗೆ ಉಸಿರು ಬಿಗಿಹಿಡಿದು ಮಲಗಿದ್ದವು. ಎದುರಿನ ಹೋಟೆಲಿನ ಯರ್ರೆಪ್ಪನಂತೂ ಸೆಟ್ಟಿಡಲು ಆಗಲೇ ಗೂಡು ಖಾಲಿ ಮಾಡಿಟ್ಟಿದ್ದ.

ಮನೆಗೆಲ್ಲ ಕರೆಂಟಿನ ಪ್ಲಗ್ಗು ಒಂದೇ, ಅದು ಪಡಸಾಲೆಯಲ್ಲಿ. ಮಡಿಯಲ್ಲಿರುವ ತಾಯಿ ಅಲ್ಲಿಗೆ ಬರುವವರಲ್ಲ. ಆದ್ದರಿಂದ ಸ್ಪೀಕರನ್ನು ದೇವರಮನೆಯ ಬಾಗಿಲಲ್ಲಿಟ್ಟು, ಯಾರದೋ ಮದುವೆ ಚಪ್ಪರದಲ್ಲಿ ಉಳಿದ ವೈರನ್ನು ಅಂಗಳದುದ್ದಕ್ಕೂ ಎಳೆದಿದ್ದ.

ಮೋಟಾರ್ ರಿಪೇರಿಯ ಬಜಾರಪ್ಪ ಬಂದು ಆ ವೈರು ನೋಡಿ ನಕ್ಕ.

"ಇದು ವೈರಾ, ಗಾಳಿಪಟದ ಬಾಲಾ, ಆಚಾರ್ರೇ? ಅಲ್ಯೂಮಿನಿಯಂ, ಎಳಿ ಸಣ್ಣದು, ಮ್ಯಾಲ ಏಳು ಜಾಯಿಂಟು. ಹಾಡು ಗಂಟುಗಂಟಿನ್ಯಾಗ ಒಂದೀಟು ಉಳಕೊಂತೈತಿ. ದಪ್ಪಂದು ತಾಮ್ರ ಹಾಕ್ರಿ, ನಡುವ ಒಂದೂ ಗಂಟಿರಬಾರದು."

ವಿಠ್ಠಲ ಊರೆಲ್ಲ ಅಲೆದ. ಎಲ್ಲ ಅಂಗಡಿಯಲ್ಲೂ ಅಲ್ಯೂಮಿನಿಯಮ್ಮೇ. "ತಾಮ್ರಾ? ಬಿಂದಿಗಿ ಕೊಡ್ಲಾ ಸ್ವಾಮಿ?" ಎಂದ ಒಬ್ಬ ಅಂಗಡಿಯವ.

ಮಧ್ಯಾಹ್ನ ಸೋತು ಬಂದು ಅಂಗಳದಲ್ಲಿ ಕುಳಿತು ಮೇಲೆ ನೋಡಿದ. ಪಡಸಾಲೆಯ ಗೋಡೆಯಿಂದ ದೇವರಮನೆಯ ಗೋಡೆಯವರೆಗೆ, ಗೇಣು ಅಂತರದಲ್ಲಿ, ದಪ್ಪ ತಾಮ್ರದ ತಂತಿ ಎರಡು! ತುಕ್ಕು ಹತ್ತಬಾರದೆಂದು ತಂದೆ ಕಟ್ಟಿಸಿದ್ದ, ಮಡಿ ಬಟ್ಟೆ ಒಣಹಾಕುವ ತಂತಿಗಳು. ತಾಯಿ ಪ್ರತಿ ಏಕಾದಶಿಗೆ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರು.

ವಿಠ್ಠಲ ಮತ್ತೆ ಕರೆತಂದ ಬಜಾರಪ್ಪ ಬಾಗಿಲಲ್ಲೇ ನಿಂತು ಕೈ ಮುಗಿದ. "ಇಂಥ ವೈರು ಬೊಂಬಾಯ್ದಾಗೂ ಸಿಗಂಗಿಲ್ರಿ! ಎರಡು ತುದೀಗೂ ಕಟ್ಟಿಬಿಡ್ರಿ, ಸಾಕು."

ಕಟ್ಟುವುದೇನು ದೊಡ್ಡ ಮಾತಲ್ಲ. ಆದರೆ ತಂತಿ ಮಡಿ, ಸೆಟ್ಟು ಮೈಲಿಗೆ. ತಾಯಿ ಉಂಡು ಅಡ್ಡಾಗಿದ್ದರು. ವಿಠ್ಠಲ ಬಾವಿಯ ನೀರು ಸುರಿದುಕೊಂಡು ಒದ್ದೆ ಧೋತ್ರದಲ್ಲಿ ತಂತಿ ಮುಟ್ಟಿದ. ಆಮೇಲೆ ಸೆಟ್ಟು ಮುಟ್ಟಿದ, ಮೈಲಿಗೆಯಾದ.

"ಆ ಕಡಿ ತುದಿ ಸಡ್ಲ ಐತ್ರಿ!" ಎಂದ ಬಜಾರಪ್ಪ.

ಮತ್ತೆ ಬಾವಿ. ತಂತಿ ಬಿಗಿಯಾಯಿತು, ಸೆಟ್ಟಿನ ಸ್ಕ್ರೂ ಕಳಚಿತು. ಅದನ್ನು ಸರಿಮಾಡುವಷ್ಟರಲ್ಲಿ ಇನ್ನೊಂದು ತುದಿ ಬಿಚ್ಚಿತು. ಕಾರ್ತಿಕ ಮಾಸದ ಚಳಿಯಲ್ಲಿ ನಾಲ್ಕು ಸ್ನಾನಗಳಾದವು. ಹಳೆಯ ವೈರನ್ನು ಯರ್ರೆಪ್ಪ ಬಂದು, "ಇದು ಬ್ಯಾಡಲ್ರಿ?" ಎಂದು ಸುತ್ತಿಕೊಂಡು ಹೋದ.

ದೀಪ ಹಚ್ಚುವ ಹೊತ್ತಿಗೆ ರೆಕಾರ್ಡು ತಿರುಗಿತು. ಹಾಡುವವರು ಅಂಗಳದಲ್ಲೇ ಬಂದು ಕುಳಿತಂತೆ ದನಿ ತುಂಬಿತು, ತಂಬೂರಿಯ ಒಂದೊಂದು ತಂತಿಯೂ ಬೇರೆಬೇರೆ ಕೇಳಿಸಿತು. ಅನ್ನಪೂರ್ಣಾಬಾಯಿಯವರ ಕಣ್ಣು ಒದ್ದೆಯಾಯಿತು. ವಿಠ್ಠಲನಿಗೆ ಹುಟ್ಟಿದ್ದು ಸಾರ್ಥಕವೆನಿಸಿತು.

ಅಷ್ಟರಲ್ಲಿ ತಾಯಿಯ ಕಣ್ಣು ಸ್ಪೀಕರಿನಿಂದ ಮೇಲಕ್ಕೇರಿ, ತಂತಿಗುಂಟ ಸಾಗಿ, ಪಡಸಾಲೆ ಮುಟ್ಟಿತು.

"ನಾಕು ಸಲ ಸ್ನಾನ ಮಾಡೇ ಮುಟ್ಟೀನಮ್ಮಾ," ಎಂದ ವಿಠ್ಠಲ, ನೆಗಡಿ ಕಟ್ಟಿದ ಮೂಗಿನಲ್ಲೇ.

ತಾಯಿ ತಂತಿಯನ್ನೊಮ್ಮೆ, ಸೆಟ್ಟನ್ನೊಮ್ಮೆ ನೋಡಿದರು. "ನನ್ನ ತಂತಿ ಹಂಗೆಲ್ಲಾ ಮೈಲಿಗಿ ಆಗೂದಿಲ್ಲ. ಅದಕ್ಕ ಹತ್ತಿದ್ದೇ ಮಡಿ ಆಗ್ತದ. ಡಬ್ಬಿ ಇಲ್ಲೇ ಇರ್ಲಿ."

ವಿಠ್ಠಲ ಕುಣಿಯುವುದೊಂದು ಬಾಕಿ. ದನಿ ಇನ್ನಷ್ಟು ಏರಿಸಲು ಕೈ ಚಾಚಿದ.

"ಮುಟ್ಟಬ್ಯಾಡ! ಮೂಗು ಒರಿಸಿದ ಕೈ! ಇನ್ನ ಮ್ಯಾಲ ಅದು ದೇವರ ಸಾಮಾನು, ಪಡಸಾಲಿ ಸಾರಿಸಿ ನಾನೇ ಬಂದು ಹಚ್ತೀನಿ. ಮತ್ತ ಧೋತ್ರದ ಕೆಳಗಿನ ಆ ಸಿನಿಮಾ ಪ್ಲೇಟು ಅದರ ಹತ್ರ ಸುಳೀಬಾರ್ದು."

ಸ್ವಲ್ಪ ಹೊತ್ತಿಗೆ ವಿಠ್ಠಲ ಮಫ್ಲರು ಸುತ್ತಿಕೊಂಡು ಯರ್ರೆಪ್ಪನ ಬೆಂಚಿನ ಮೇಲೆ ಸೀನುತ್ತ ಕುಳಿತಿದ್ದ. ಹೋಟೆಲಿನ ರೇಡಿಯೋದಿಂದ ಹಳೆಯ ವೈರಿನ ಏಳು ಗಂಟು ದಾಟಿ, ಬೇವಿನ ಮರಕ್ಕೆ ಕಟ್ಟಿದ ಸ್ಪೀಕರಿನಲ್ಲಿ ಸಿನಿಮಾ ಹಾಡೊಂದು ಗೊರಗೊರ ಎನ್ನುತ್ತಿತ್ತು. ಅದನ್ನೂ ಮುಚ್ಚಿಹಾಕುವಂತೆ ಎದುರುಮನೆಯಿಂದ ದಾಸರ ಪದ ಮೊಳಗಿತು.

"ಆಚಾರ್ರೇ, ನಿಮ್ಮನಿ ಸೌಂಡು ಜರಾ ಕಮ್ಮಿ ಮಾಡಿ ಬರ್ರಿ," ಎಂದ ಯರ್ರೆಪ್ಪ.

ವಿಠ್ಠಲ ಬಿಸಿ ಚಹಾದ ಗ್ಲಾಸನ್ನು ಕೆನ್ನೆಗೆ ಒತ್ತಿಕೊಂಡ.

"ಅದನ್ನ ಮುಟ್ಟಬೇಕಂದ್ರ ಐದನೇ ಸ್ನಾನ ಮಾಡಬೇಕಪ್ಪಾ!"